ಬೀಗ ಹಾಕಿದ ಮನೆಗಳ ಲೈನು

ನಮ್ಮ ಅಂಗಡಿಯ ಗೋಡೆಯ ಮೇಲೆ ಒಂದು ಮರದ ಹಲಗೆ ಇದೆ. ಹಲಗೆಯ ತುಂಬ ಮೊಳೆ, ಮೊಳೆಗೊಂದು ಬೀಗದಕೈ. ಪ್ರತಿಯೊಂದಕ್ಕೂ ಕೇಬಲ್ ವೈರಿನ ತುಂಡು ಕಟ್ಟಿ, ಅದಕ್ಕೆ ಬಿಳಿ ಪಟ್ಟಿ ಸುತ್ತಿ, ಪೆನ್ನಿನಲ್ಲಿ ಗುರುತು ಬರೆದಿದೆ. 'ಬೇವಿನ ಮರದ ಮನೆ', 'ನೀಲಿ ಬಾಗಿಲು', 'ಗುಡಿ ಹಿಂದೆ ಎರಡನೇದು', 'ನಾಯಿ ಇದೆ, ಹುಷಾರು'. ಅಕ್ಷರ ನಮ್ಮ ಮನೆಯವರದು. ಅವರು ತೀರಿಕೊಂಡು ವರ್ಷ ಆಗುತ್ತಾ ಬಂತು. ಕೆಲವು ಪಟ್ಟಿಗಳ ಮೇಲೆ ಶಾಯಿ ಮಾಸಿದೆ. ಮೇಲೆ ತಿದ್ದಿ ಬರೆಯಬೇಕು ಅಂತ ಪೆನ್ನು ಹಿಡಿಯುತ್ತೇನೆ, ಮತ್ತೆ ಇಟ್ಟುಬಿಡುತ್ತೇನೆ.

ಹಿರಿಯೂರಿನಲ್ಲಿ ನಮ್ಮದು ಸಣ್ಣ ಕೇಬಲ್ ಅಂಗಡಿ. ಮೊದಲು ಟಿವಿ ಕೇಬಲ್ ಇತ್ತು, ಆಮೇಲೆ ಇಂಟರ್‌ನೆಟ್ ಬಂತು. ಹಳ್ಳಿ ಮನೆಗಳಿಗೆ ಸರ್ಕಾರ ರಿಯಾಯಿತಿಯಲ್ಲಿ ಫೋನು ಮತ್ತು ಇಂಟರ್‌ನೆಟ್ ಕೊಡಲು ಹೊರಟಾಗ, ಮಾರಿಕಣಿವೆ ಕಡೆಯ ಕುರಿಗಾರರ ಹಟ್ಟಿಗಳಿಗೆ ಲೈನು ಎಳೆಯುವ ಕೆಲಸ ಒಂದು ಕಂಪನಿಯ ಮೂಲಕ ಇವರಿಗೆ ಸಿಕ್ಕಿತು. ಮನೆಗೊಂದು ಬಾಕ್ಸು. ಅದರಲ್ಲೇ ನೆಟ್ಟು, ಅದಕ್ಕೇ ಒಂದು ಫೋನು. ಇವರು ಕಂಬ ಹತ್ತುತ್ತಿದ್ದರು, ನಾನು ಅಂಗಡಿಯಲ್ಲಿ ಕೂತು ಕಂಪ್ಲೇಂಟ್ ಪುಸ್ತಕ ಬರೆಯುತ್ತಿದ್ದೆ. ನಮ್ಮ ಸಂಸಾರ ನಡೆದದ್ದೇ ಹಾಗೆ.

ಹಟ್ಟಿಗಳ ಸುತ್ತ ಗುಡ್ಡ, ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರ. ಮೊಬೈಲ್ ಸಿಗ್ನಲ್ ಗುಡ್ಡದ ಮೇಲೆ ಮಾತ್ರ. "ಗಾಳಿ ಫ್ಯಾನಿಗೆ ಸಿಗ್ನಲ್ ಐತೆ, ಮನುಷ್ಯರಿಗಿಲ್ಲ" ಎಂದು ನೀಲಿ ಬಾಗಿಲ ಮನೆಯ ಹೆಂಗಸು ಬೈಯುತ್ತಿದ್ದಳು. ಅವಳ ಮಗಳು ಚಿತ್ರದುರ್ಗದ ಹಾಸ್ಟೆಲ್ಲಿನಲ್ಲಿ ಓದುತ್ತಾಳೆ. ಭಾನುವಾರ ಒಂದು ದಿನ ಹುಡುಗಿಯರಿಗೆ ಮನೆಗೆ ಫೋನ್ ಮಾಡಲು ಬಿಡುತ್ತಾರೆ. ಲೈನು ಬಂದ ಮೊದಲ ಭಾನುವಾರ ಆ ಹೆಂಗಸು ಬೆಳಗ್ಗೆಯಿಂದ ಫೋನಿನ ಮುಂದೆ ಕೂತಿದ್ದಳಂತೆ, ಎದ್ದರೆ ಎಲ್ಲಿ ಬಂದು ಹೋಗಿಬಿಡುತ್ತದೋ ಎಂದು.

ಆದರೆ ಆ ಹಟ್ಟಿಯವರು ವರ್ಷವೆಲ್ಲ ಮನೆಯಲ್ಲಿರುವವರಲ್ಲ. ಸುಗ್ಗಿ ಮುಗಿದ ಮೇಲೆ ಮಂದೆ ಹೊಡೆದುಕೊಂಡು ಪಡುವಣಕ್ಕೆ ಹೊರಡುತ್ತಾರೆ. ಹೊಸದುರ್ಗ, ಹೊಳಲ್ಕೆರೆ ದಾಟಿ, ಭದ್ರಾ ಕಾಲುವೆಯ ಗದ್ದೆ ಬಯಲಿನ ತನಕ. ಕೊಯ್ದ ಗದ್ದೆಯಲ್ಲಿ ಮಂದೆ ನಿಲ್ಲಿಸಿದರೆ ಕುರಿಗೆ ಮೇವು, ಗದ್ದೆಯವರಿಗೆ ಗೊಬ್ಬರ. ಮುಂಗಾರಿನ ಮೊದಲ ಮಳೆ ಬಿದ್ದಾಗ ವಾಪಸ್ಸು. ಅಲ್ಲಿಯ ತನಕ ಮನೆಗೆ ಬೀಗ.

ಸರ್ಕಾರದ ನಿಯಮಕ್ಕೆ ಇದು ಗೊತ್ತಿರಲಿಲ್ಲ. ರಿಯಾಯಿತಿ ಲೈನಿನಿಂದ ಮೂವತ್ತು ದಿನ ಒಂದು ಕರೆಯೂ ಹೋಗದಿದ್ದರೆ, ನೆಟ್ಟೂ ಬಳಕೆಯಾಗದಿದ್ದರೆ, ಆ ಮನೆಗೆ ಲೈನು ಬೇಕಾಗಿಲ್ಲ ಎಂದು ಲೆಕ್ಕ. ತಾನಾಗಿ ರದ್ದಾಗುತ್ತದೆ. ಮತ್ತೆ ಬೇಕೆಂದರೆ ಹೊಸ ಅರ್ಜಿ, ಹೊಸ ಹೆಬ್ಬೆಟ್ಟು, ಹೊಸ ನಂಬರು. ಮೊದಲ ವರ್ಷ ಹಟ್ಟಿಯ ಅಷ್ಟೂ ಮನೆಯ ಲೈನು ಹಾಗೇ ರದ್ದಾದವು. ಮಳೆಗಾಲಕ್ಕೆ ಬಂದು ಅರ್ಜಿ ಹಾಕಿದವರಿಗೆ ಲೈನು ಮತ್ತೆ ಬಂದದ್ದು ದೀಪಾವಳಿಗೆ, ಅವರು ಹೊರಡುವ ಹೊತ್ತಿಗೆ. ಮನೆಯಲ್ಲಿದ್ದಷ್ಟು ದಿನ ಲೈನಿಲ್ಲ, ಲೈನು ಬಂದಾಗ ಮನೆಯಲ್ಲಿಲ್ಲ. ಆ ವರ್ಷ ಮಗಳು ಹಳೆಯ ನಂಬರಿಗೇ ಎಷ್ಟೋ ಭಾನುವಾರ ಫೋನ್ ಮಾಡಿದ್ದಳಂತೆ.

ಆ ಹಟ್ಟಿಗಳಲ್ಲಿ ಒಂದು ಪದ್ಧತಿ ಇದೆ. ಮಂದೆಯ ಜೊತೆ ಹೊರಡುವವರು ಮನೆಯ ಬೀಗದಕೈಯನ್ನು ನಂಬಿಕೆಯವರೊಬ್ಬರ ಕೈಗೆ ಕೊಡುತ್ತಾರೆ. ತೆಗೆದುಕೊಂಡವರು ಅಮಾವಾಸ್ಯೆಗೊಮ್ಮೆ ಬಾಗಿಲು ತೆಗೆದು ದೇವರ ಮುಂದೆ ದೀಪ ಹಚ್ಚಬೇಕು. ಮನೆ ಪೂರಾ ಕತ್ತಲಲ್ಲಿ ಇರಬಾರದು ಎಂದು. ಅಲ್ಲಿಯವರೆಗೆ ಗುಡಿಯ ಪೂಜಾರಿಗೋ ದಿನಸಿ ಅಂಗಡಿಗೋ ಹೋಗುತ್ತಿದ್ದ ಬೀಗದಕೈಯನ್ನು ಆ ಸಲ ನೀಲಿ ಬಾಗಿಲ ಹೆಂಗಸು ನಮ್ಮ ಅಂಗಡಿಗೆ ತಂದಳು.

"ತಗೋ ಅಣ್ಣ. ಅಮಾಸೆಗೊಂದ್ಸಲ ಹೋಗಿ ದೀಪ ಹಚ್ಚು. ಹಂಗೇ ನಮ್ಮ ಫೋನಿಂದ ಯಾರಿಗಾದ್ರೂ ಒಂದು ಫೋನ್ ಮಾಡು. ಲೈನ್ ಉಳೀತೈತೆ."

"ಯಾರಿಗೆ ಮಾಡ್ಲವ್ವ?"

"ಯಾರಿಗಾದ್ರೂ ಮಾಡು. ಇಲ್ಲೇ ಕುಂತವ್ಳಲ್ಲ, ನಿನ್ನ ಹೆಂಡ್ತಿಗೇ ಮಾಡು. ಮನೇಲಿ ಮಾತಾಡಿರ್ತಿಯೋ ಇಲ್ವೋ."

ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಮೂವತ್ತು ದಿನ ಮೀರುವುದಿಲ್ಲ. ಹಟ್ಟಿಯವರ ದೀಪವೂ ಸರ್ಕಾರದ ನಿಯಮವೂ ಅಲ್ಲಿ ಕೂಡಿಬಂದವು. ವಾರದೊಳಗೆ ಬೀಗದಕೈ ಒಂದೊಂದಾಗಿ ಬಂದು ಸೇರಿದವು. ಇವರು ಹಲಗೆ ಕೊಯ್ದು ಮೊಳೆ ಹೊಡೆದರು.

ಅಲ್ಲಿಂದ ಮುಂದೆ ಅಮಾವಾಸ್ಯೆ ದಿನ ನಾನು ಬೇರೆ ಕೆಲಸ ಇಟ್ಟುಕೊಳ್ಳುತ್ತಿರಲಿಲ್ಲ. ಬೆಳಗ್ಗೆ ಇವರು ಎಣ್ಣೆಯ ಸೀಸೆ, ಬತ್ತಿ, ಬೀಗದಕೈ ಬ್ಯಾಗಿಗೆ ಹಾಕಿಕೊಂಡು ಬೈಕ್ ಹತ್ತಿದರೆ, ಸ್ವಲ್ಪ ಹೊತ್ತಿಗೆ ಅಂಗಡಿಯ ಫೋನು ಶುರುವಾಗುತ್ತಿತ್ತು.

"ಹಲೋ, ಬೇವಿನ ಮರದ ಮನೆಯಿಂದ ಕಣೆ."

"ಏನ್ರಿ ಸಮಾಚಾರ?"

"ಬಾಗ್ಲಿಗೆ ಗೆದ್ದಲು ಹತ್ತೈತೆ. ಬರ್ಕ, ಅವ್ರು ಬಂದ್ಮೇಲೆ ಹೇಳ್ಬೇಕು. ಏನು ಸಾರು ಇವತ್ತು?"

"ಹುಳ್ಳಿಕಾಳು."

"ಇಡ್ಲಾ?"

"ಇಡ್ರಿ."

ಕಾಲು ಗಂಟೆಗೆ ಮತ್ತೊಂದು ಮನೆಯಿಂದ. ಮತ್ತೆ ಸಾರು ಕೇಳುತ್ತಿದ್ದರು. "ಆಗ್ಲೇ ಹೇಳ್ದೆ" ಅಂದರೆ "ಅದು ಬೇವಿನ ಮರದೋರಿಗೆ ಹೇಳಿದ್ದು, ಇದು ಗುಡಿ ಹಿಂದಿನೋರು ಕೇಳ್ತಾ ಇರೋದು" ಅನ್ನುತ್ತಿದ್ದರು. ಎದುರಿಗೆ ಕೂತಾಗ ಹತ್ತು ಮಾತಾಡದ ಮನುಷ್ಯ. ನನ್ನ ಮೊಣಕಾಲು ನೋವು ಹೇಗಿದೆ ಅಂತ ಅವರು ಮೊದಲ ಸಲ ಕೇಳಿದ್ದು ಯಾರದೋ ಬೀಗ ಹಾಕಿದ ಮನೆಯ ಫೋನಿನಿಂದ. ನಾನೂ ಎದುರಿಗೆ ಹೇಳಲಾಗದ ಒಂದೆರಡು ಮಾತು ಆ ಫೋನಿಗೆ ಹೇಳಿದ್ದೇನೆ. ಎರಡು ವರ್ಷ ಹೀಗೆ ನಡೆಯಿತು. ಒಂದು ಲೈನೂ ರದ್ದಾಗಲಿಲ್ಲ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕೇಬಲ್ ಆಪರೇಟರುಗಳದು ಒಂದು ಸಂಘ ಇದೆ. ರಿಯಾಯಿತಿ ಲೈನುಗಳಿಗೆ ಸರ್ಕಾರ ಹೊಸ ನಿಯಮದ ಕರಡು ಮಾಡಿ, ಚಿತ್ರದುರ್ಗದಲ್ಲಿ ಅಹವಾಲು ಸಭೆ ಕರೆಯಿತು. ಆ ಕರಡಿನಲ್ಲೂ ಮೂವತ್ತು ದಿನ ಹಾಗೇ ಇತ್ತು. ಇವರು ಸಂಘದ ಜೊತೆ ಹೋಗಿ, ಕುರಿಗಾರರ ಮನೆಗಳಿಗೆ ಇದರಿಂದ ತೊಂದರೆ ಎಂದು ಹೇಳಿದರು. ಕಂಪನಿಯವರು ಒಂದು ಹಾಳೆ ತೆಗೆದು ತೋರಿಸಿದರಂತೆ. ಈ ಹಟ್ಟಿಗಳಲ್ಲಿ ಎರಡು ವರ್ಷದಿಂದ ಒಂದು ಲೈನೂ ರದ್ದಾಗಿಲ್ಲ, ತೊಂದರೆ ಎಲ್ಲಿದೆ ಎಂದು.

ಇವರು ಸಂಜೆ ಬಂದು ಕಾಲು ತೊಳೆದು ಕೂತರು. ಕಾಫಿ ತಣ್ಣಗಾಯಿತು.

"ನಾನೇ ಮುಚ್ಚಿಟ್ಟೆ ಕಣೆ" ಅಂದರು. "ಅಮಾಸೆ ಅಮಾಸೆಗೆ ಗಾಯಕ್ಕೆ ಬಟ್ಟೆ ಸುತ್ತಿದೆ. ಈಗ ಗಾಯನೇ ಇಲ್ಲ ಅಂತಾರೆ."

"ಬೀಗದಕೈ ವಿಷಯ ಹೇಳ್ಬಿಟ್ರೆ?"

"ಮುಂದಿನ ಸಭೇಲಿ ಹೇಳ್ತೀನಿ."

"ಲೈಸೆನ್ಸು?"

"ಹೋಗ್ಬೋದು. ಸುಳ್ಳು ಬಳಕೆ ತೋರ್ಸಿದ್ದು ಅಂತಾರೆ. ತೋರ್ಸಿದ್ದು ಹೌದಲ್ಲ."

ಸಂಕ್ರಾಂತಿ ಕಳೆದ ಮೇಲೆ ಎರಡನೇ ಸಭೆಯ ಸುದ್ದಿ ಬಂತು. ಒಂದು ಮಧ್ಯಾಹ್ನ ಇವರು ಕಂಪ್ಲೇಂಟ್ ಪುಸ್ತಕದ ಕೊನೆಯ ಪುಟ ತೆಗೆದು ಬರೆಯಲು ಕೂತರು. 'ಮಾನ್ಯರೇ, ಬೀಗ ಹಾಕಿದ ಮನೆಗಳಿಂದ ಪ್ರತಿ ಅಮಾವಾಸ್ಯೆ ಫೋನ್ ಮಾಡಿದವನು ನಾನು. ಏಕೆಂದರೆ' ಅಂತ ಬರೆದರು. ಅಷ್ಟರಲ್ಲಿ ಯಾರದೋ ಮನೆಯ ನೆಟ್ ಹೋಯಿತೆಂದು ಫೋನ್ ಬಂತು. ಪೆನ್ನು ಪುಸ್ತಕದ ನಡುವೆ ಇಟ್ಟು ಹೋದರು. ಬಂದ ಮೇಲೆ ಬರೆಯುವುದು ಮರೆತುಹೋಯಿತು.

ನಾಲ್ಕು ದಿನ ಕಳೆದು ಬಬ್ಬೂರಿನ ರಸ್ತೆಯಲ್ಲಿ ತೆಂಗಿನಕಾಯಿ ತುಂಬಿದ ಲಾರಿಯೊಂದು ವೈರು ಎಳೆದುಕೊಂಡು ಹೋಯಿತು. ಇವರು ಹೋಗಿ ಕಂಬದಿಂದ ಕಂಬಕ್ಕೆ ಹೊಸ ವೈರು ಕಟ್ಟಿ ಕೆಳಗಿಳಿದು, ಉಳಿದ ವೈರು ಸುತ್ತುತ್ತಾ ಇದ್ದವರು ಅಲ್ಲೇ ಕೂತರಂತೆ. ಎಳನೀರು ಮಾರುವವನು ನೀರು ಕುಡಿಸಿದನಂತೆ. ಆಸ್ಪತ್ರೆ ಮುಟ್ಟಲಿಲ್ಲ. ಅವರು ಕಟ್ಟಿದ ಲೈನು ಸರಿಯಾಗಿತ್ತು. ಆ ರಸ್ತೆಯ ಮನೆಗಳಿಂದ ಕಂಪ್ಲೇಂಟ್ ಬರಲಿಲ್ಲ.

ಎಂಟನೇ ದಿನಕ್ಕೆ ಅಮಾವಾಸ್ಯೆ ಬಂತು. ಮನೆಯಲ್ಲಿ ಇನ್ನೂ ಶಿವಗಣಾರಾಧನೆ ಆಗಿರಲಿಲ್ಲ. ನೆಂಟರು ತುಂಬಿದ್ದರು. ನಾನು ಒಳಗೆ ಗೋಡೆಗೆ ಒರಗಿ ಕೂತಿದ್ದೆ. ಅಂಗಡಿ ಬಾಗಿಲು ಹಾಕಿತ್ತು. ಅಂದು ಅಮಾವಾಸ್ಯೆ ಎಂಬುದು ನನಗೆ ಗೊತ್ತಿತ್ತು. ಬೀಗದಕೈಗಳು ಅವರ ಬೈಕಿನ ಬ್ಯಾಗಿನಲ್ಲೇ ಇವೆ ಎಂಬುದೂ ಗೊತ್ತಿತ್ತು. ಯಾರನ್ನಾದರೂ ಕಳಿಸಬಹುದಿತ್ತು. ನಾನು ಬಾಯಿ ಬಿಡಲಿಲ್ಲ. ಬೇರೆ ಯಾರೋ ಆ ಮನೆಗಳಿಂದ ನನಗೆ ಫೋನ್ ಮಾಡುವುದು ನನಗೆ ಬೇಡವಾಗಿತ್ತು. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

ಹಟ್ಟಿಯ ಲೈನುಗಳು ಒಂದೇ ವಾರದಲ್ಲಿ ರದ್ದಾದವು.

ಅಂಗಡಿ ತೆರೆದ ಮೊದಲ ದಿನವೇ ನೀಲಿ ಬಾಗಿಲ ಹೆಂಗಸಿನ ಫೋನು. ಭದ್ರಾ ಬಯಲಿನಿಂದ, ಮೊಬೈಲಿನಲ್ಲಿ. ನಾನು ಹಲೋ ಅನ್ನುವ ಮುಂಚೆಯೇ ಶುರುಮಾಡಿದಳು.

"ಏನಣ್ಣ, ಅಮಾಸೆನೇ ಮರ್ತ್ಯಾ? ಲೈನ್ ಕಟ್ ಆತು ಅಂತ ಮೆಸೇಜ್ ಬಂದೈತೆ. ಹೋಳಿಗೆ ಉಂಡು ಮಲಗಿಬಿಟ್ಟಾ ಹೆಂಗೆ?"

"ನಾನು ಕಣವ್ವ."

"ಯಕ್ಕ, ಅಣ್ಣಂಗೆ ಕೊಡು. ಬಿಸಿ ಬಿಸಿ ಬೈಬೇಕು."

"ಅಣ್ಣ ಇಲ್ಲ."

"ಎಲ್ಲಿಗೆ ಹೋಗೈತೆ?"

ಬಬ್ಬೂರಿನ ರಸ್ತೆಯಲ್ಲಿ ಆದದ್ದು ಹೇಳಿದೆ. ಆ ಕಡೆಯಿಂದ ಕುರಿಯ ಗಂಟೆಗಳ ಸದ್ದು ಕೇಳುತ್ತಿತ್ತು. ಇಬ್ಬರೂ ಫೋನ್ ಇಡಲಿಲ್ಲ.

ಎರಡು ದಿನಕ್ಕೆ ಬಸ್ಸು ಹತ್ತಿ ಬಂದಳು. ಮಂದೆಯನ್ನು ಗಂಡನಿಗೆ ಬಿಟ್ಟು, ಹೊಳಲ್ಕೆರೆಯಲ್ಲಿ ಒಂದು ಬಸ್ಸು, ಹೊಸದುರ್ಗದಲ್ಲಿ ಒಂದು ಬಸ್ಸು ಬದಲಾಯಿಸಿ ಬಂದಿದ್ದಳು. ಅಂಗಡಿಯ ನೆಲದ ಮೇಲೆ ನನ್ನ ಪಕ್ಕ ಕೂತು ನನ್ನ ಕೈ ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಹಲಗೆ ನೋಡಿದಳು. ನಾನು ಬೀಗದಕೈಗಳನ್ನು ಬ್ಯಾಗಿನಿಂದ ತೆಗೆದು ಮೊಳೆಗೆ ಹಾಕಿದ್ದೆ.

"ನಾನು ಹೋಗಿದ್ರೆ ಉಳೀತಿತ್ತು ಕಣವ್ವ" ಅಂದೆ.

"ಲೈನ್ ಹೋದ್ರೆ ಹೋಗ್ಲಿ ಬಿಡಕ್ಕ. ಮನುಷ್ಯನೇ ಹೋದ್ಮೇಲೆ ಲೈನ್ ಏನು ದೊಡ್ಡದು."

"ನಿನ್ನ ಮಗಳು?"

ಅವಳು ಮುಖ ಆ ಕಡೆ ತಿರುಗಿಸಿದಳು. ಹೋಗಲಿ ಬಿಡು ಎಂದು ನನಗಾಗಿ ಹೇಳುತ್ತಿದ್ದಾಳೆ, ಅವಳಿಗೆ ಅದು ಹೋಗುವಂಥದ್ದಲ್ಲ ಎಂದು ಗೊತ್ತಾಯಿತು. ಅವಳನ್ನು ಬಸ್ಸು ಹತ್ತಿಸಿ ಬಂದು ಕಂಪ್ಲೇಂಟ್ ಪುಸ್ತಕದ ಕೊನೆಯ ಪುಟ ತೆಗೆದೆ. 'ಏಕೆಂದರೆ' ಹಾಗೇ ಇತ್ತು. ಎರಡನೇ ಸಭೆಗೆ ನಾನೇ ಹೋಗುವುದು ಎಂದು ಅಂದೇ ನಿಶ್ಚಯ ಮಾಡಿದೆ.

ಸಭೆಯ ಮುಂಚೆ ಸಂಘದವರು ಹೊಸದುರ್ಗದಲ್ಲಿ ಅಧ್ಯಕ್ಷರ ಮನೆಯ ಮಹಡಿಯಲ್ಲಿ ಸೇರಿದರು. ಅಧ್ಯಕ್ಷರು ಹಿರಿಯರು, ಕೇಬಲ್ ಬಂದ ಕಾಲದಿಂದ ಈ ವ್ಯವಹಾರದಲ್ಲಿ ಇದ್ದವರು. ದೊಡ್ಡ ದನಿ, ಒಳ್ಳೆಯ ಮನಸ್ಸು. "ಬಾ ತಂಗಿ, ಕುಂತ್ಕ" ಎಂದು ಮುಂದಿನ ಕುರ್ಚಿ ಕೊಟ್ಟರು. ಗಂಡಸರ ನಡುವೆ ನಾನೊಬ್ಬಳೇ. ಮಂಡಕ್ಕಿ ಮೆಣಸಿನಕಾಯಿ ಬಂತು. ಇವರ ಲೈಸೆನ್ಸು ನನ್ನ ಹೆಸರಿಗೆ ಆಗಬೇಕಾದರೆ ಸಂಘದ ಶಿಫಾರಸು ಪತ್ರ ಬೇಕು. ಅದನ್ನು ಬರೆಸಿಟ್ಟಿದ್ದೇನೆ, ಸಭೆ ಮುಗಿದ ಮೇಲೆ ಸಹಿ ಹಾಕಿ ಕೊಡುತ್ತೇನೆ ಅಂದರು. ಆಮೇಲೆ ಮನವಿ ಓದಿದರು. ಲೈನು ಕೆಟ್ಟರೆ ಒಂದು ದಿನದಲ್ಲಿ ಸರಿ ಮಾಡಬೇಕು, ಇಲ್ಲದಿದ್ದರೆ ಆಪರೇಟರಿಗೆ ದಂಡ ಎಂಬ ನಿಯಮ ತೆಗೆಯಬೇಕು. ಕಂಬದ ಅನುಮತಿ ಬೇಗ ಕೊಡಬೇಕು. ಕೆಟ್ಟ ಬಾಕ್ಸನ್ನು ಕಂಪನಿಯೇ ಬದಲಾಯಿಸಬೇಕು. ಎಲ್ಲ ನ್ಯಾಯವಾದ ಬೇಡಿಕೆಯೇ.

"ಮೂವತ್ತು ದಿನದ ಮಾತು ಎಲ್ಲೈತೆ ಅಣ್ಣ?" ಎಂದು ಕೇಳಿದೆ.

"ಅದು ಬಿಟ್ಟಿದೀವಿ ತಂಗಿ. ಹೋದ ಸಲ ಮುಖದ ಮೇಲೆ ಹಾಳೆ ಹಿಡಿದ್ರಲ್ಲ. ಒಂದೂ ರದ್ದಾಗಿಲ್ಲ ಅಂದ್ರೆ ಏನು ಹೇಳಾಣ?"

"ಯಾಕೆ ರದ್ದಾಗಿಲ್ಲ ಅಂತ ಹೇಳಾಣ."

ಹೊಳಲ್ಕೆರೆಯ ಆಪರೇಟರು, ಸಣಕಲು ಮನುಷ್ಯ, ನಿಧಾನಕ್ಕೆ ಬಾಯಿ ಬಿಟ್ಟರು.

"ಅಕ್ಕ, ನಿಮ್ಮೋರು ಒಬ್ರೇ ಅಲ್ಲ. ನಮ್ಮ ಕಡೆನೂ ಬೀಗ ಹಾಕಿದ ಮನೆ ಅವೆ. ನಾವೂ ಮಾಡಿದೀವಿ. ನಾನು ಹೆಂಡ್ತಿಗೆ ಮಾಡ್ಲಿಲ್ಲ, ಹವಾಮಾನ ಹೇಳೋ ನಂಬರಿಗೆ ಮಾಡ್ತಿದ್ದೆ. ಅಷ್ಟೇ ಫರಕು."

"ಹೆಂಡ್ತಿಗಿಂತ ಹವಾಮಾನನೇ ವಾಸಿ ಬಿಡಪ್ಪ" ಎಂದು ಯಾರೋ ಅಂದರು. ನಗು ಎದ್ದಿತು. ನನ್ನನ್ನು ನೋಡಿ ಅಡಗಿತು.

ನನಗೆ ಆಗ ಪೂರ್ತಿ ಅರ್ಥವಾಯಿತು. ನಾಲ್ಕು ತಾಲ್ಲೂಕಿನಲ್ಲೂ ಒಬ್ಬೊಬ್ಬರೂ ಒಳ್ಳೆಯ ಮನಸ್ಸಿನಿಂದ, ಒಬ್ಬರಿಗೊಬ್ಬರು ಹೇಳದೆ, ಅದೇ ಕೆಲಸ ಮಾಡಿದ್ದರು. ಹಾಗಾಗಿ ಸರ್ಕಾರದ ಹಾಳೆಯಲ್ಲಿ ಆ ನಿಯಮದಿಂದ ಯಾರಿಗೂ ನೋವಾಗಿರಲಿಲ್ಲ.

ಅಧ್ಯಕ್ಷರು ಕುರ್ಚಿ ಮುಂದಕ್ಕೆಳೆದರು. "ನೋಡು ತಂಗಿ. ಬೀಗದಕೈ ಮಾತು ಹೊರಗೆ ಬಂದ್ರೆ ಮೊದಲು ಹೋಗೋದು ನಿನ್ನ ಲೈಸೆನ್ಸು. ಆಮೇಲೆ ನಮ್ಮೆಲ್ರುದು. ತೀರಿಕೊಂಡೋರ ಹೆಸರಿಗೆ ಮಸಿ. ಕುರಿಗಾರರು ಮತ್ತೆ ಅರ್ಜಿ ಹಾಕ್ಕೊಳ್ಳಿ. ನೀನು ಸಭೆಗೆ ಬಾ, ಕುಂತ್ಕ, ಚಾ ಕುಡಿ. ಬಾಯಿ ಮಾತ್ರ ಬಿಡ್ಬ್ಯಾಡ."

"ಬರ್ತೀನಿ ಅಣ್ಣ" ಅಂದೆ. ಬಾಯಿ ಬಿಡುವುದಿಲ್ಲ ಅಂತ ಅನ್ನಲಿಲ್ಲ.

ಸಭೆಯ ದಿನ ಬೆಳಗ್ಗೆ ಹಲಗೆಯಿಂದ ಬೀಗದಕೈಗಳನ್ನೆಲ್ಲ ಇಳಿಸಿ ಅವರ ಅದೇ ಬ್ಯಾಗಿಗೆ ಹಾಕಿಕೊಂಡೆ. ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ರಸ್ತೆಯ ಪ್ರತಿ ಉಬ್ಬಿಗೂ ಝಣ್ ಅನ್ನುತ್ತಿತ್ತು. ಕಂಡಕ್ಟರು "ಏನಮ್ಮ, ಎಷ್ಟು ಮನೆ ಕಟ್ಟಿಸಿದೀಯ?" ಎಂದು ನಕ್ಕ.

ಸಭೆ ನಡೆಸುತ್ತಿದ್ದ ಅಧಿಕಾರಿ ಹೆಣ್ಣುಮಗಳು, ನನಗಿಂತ ಚಿಕ್ಕವರು. ಅಧ್ಯಕ್ಷರು ಮನವಿ ಓದಿದರು, ಚೆನ್ನಾಗಿಯೇ ಓದಿದರು. ಕಂಪನಿಯಿಂದ ಬಂದವರು ಒಬ್ಬರು ಉತ್ತರ ಕೊಟ್ಟರು. ಅಧಿಕಾರಿ ಬರೆದುಕೊಂಡರು. ಮುಗಿಯಿತು ಅನ್ನುವಾಗ ಅವರೇ ತಮ್ಮ ಮುಂದಿನ ಹಾಳೆಗಳನ್ನು ತಿರುವಿ ಹಾಕಿ ಕೇಳಿದರು.

"ಹಿರಿಯೂರಿನ ಹಟ್ಟಿಗಳಲ್ಲಿ ಎರಡು ವರ್ಷ ಏನೂ ಇಲ್ಲ. ಈ ಸಂಕ್ರಾಂತಿ ಆದ್ಮೇಲೆ ಒಂದೇ ವಾರದಲ್ಲಿ ಎಲ್ಲ ರದ್ದಾಗಿದಾವೆ. ಏನಾಯ್ತು ಆಗ?"

"ಆಪರೇಟರ್ ನಿರ್ಲಕ್ಷ್ಯ ಮೇಡಂ" ಅಂದರು ಕಂಪನಿಯವರು.

ಅಧ್ಯಕ್ಷರು ನನ್ನ ಕಡೆ ನೋಡಿ ಕಣ್ಣಲ್ಲೇ ಬೇಡ ಅಂದರು. ನಾನು ಎದ್ದು ನಿಂತೆ. ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡೆ.

"ಆಗ ನಮ್ಮ ಮನೆಯವರು ತೀರ್ಕೊಂಡ್ರು ಮೇಡಂ."

"ಕುಂತ್ಕೊಂಡೇ ಹೇಳಿ ಅಮ್ಮ. ಅದಕ್ಕೂ ಇದಕ್ಕೂ ಏನು ಸಂಬಂಧ?"

"ನಿಂತೇ ಹೇಳ್ತೀನಿ. ಅದಕ್ಕೆ ಮುಂಚೆ ಆ ಮನೆಗಳಿಂದ ಎಲ್ಲಿಗೆ ಫೋನ್ ಹೋಗೈತೆ, ನೋಡ್ರಿ."

ಅವರು ಇನ್ನೊಂದು ಹಾಳೆ ತೆಗೆದರು. ಬೆರಳಿಟ್ಟು ಕೆಳಗಿಳಿದರು. ಹುಬ್ಬು ಗಂಟಿಕ್ಕಿತು. "ತಿಂಗಳಿಗೆ ಒಂದೇ ದಿನ. ಎಲ್ಲ ಮನೆಯಿಂದಲೂ ಒಂದೇ ನಂಬರಿಗೆ. ಯಾರದು ಈ ನಂಬರು?"

"ನಂದು."

ನಾನು ಮುಂದೆ ಹೋಗಿ ಬ್ಯಾಗು ಮೇಜಿನ ಮೇಲೆ ಸುರಿದೆ. ಒಂದು ಬೀಗದಕೈ ಜಾರಿ ಕೆಳಗೆ ಬಿತ್ತು. ಕಂಪನಿಯವರೇ ಬಗ್ಗಿ ಎತ್ತಿಕೊಟ್ಟರು. ಪಟ್ಟಿಯ ಮೇಲೆ ಬರೆದದ್ದನ್ನು ಅಧಿಕಾರಿ ಒಂದೊಂದಾಗಿ ಓದಿದರು. ಬೇವಿನ ಮರದ ಮನೆ. ಗುಡಿ ಹಿಂದೆ ಎರಡನೇದು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಕುರಿ ಮಂದೆ, ಬೀಗ, ಅಮಾವಾಸ್ಯೆ, ದೀಪ, ಫೋನು. ಎಂಟನೇ ದಿನ ನಾನು ಏಳದೆ ಕೂತದ್ದನ್ನು ಮಾತ್ರ ಹೇಳಲಿಲ್ಲ. ಯಾರೂ ಹೋಗಲಿಲ್ಲ ಎಂದಷ್ಟೇ ಹೇಳಿದೆ.

"ಇದು ತಪ್ಪು ಬಳಕೆ ಆಗುತ್ತಲ್ಲ ಅಮ್ಮ. ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ತಪ್ಪು ಅಂತ ಬರ್ಕಳ್ರಿ. ಆ ಮನೆಯೋರು ಬದುಕಿದಾರೆ ಅಂತಾನೂ ಬರ್ಕಳ್ರಿ. ಊರು ಬಿಟ್ಟು ಹೋಗಿಲ್ಲ, ಕುರಿ ಜೊತೆ ಹೋಗಿದಾರೆ. ಮಳೆ ಬಂದ್ರೆ ಬರ್ತಾರೆ. ಬರೋ ಹೊತ್ತಿಗೆ ಲೈನ್ ಇರ್ಬೇಕು. ಮೂವತ್ತು ದಿನ ಬಾಗ್ಲು ತೆಗೀಲಿಲ್ಲ ಅಂತ ಮನೆ ನಂದಲ್ಲ ಅಂತ ಯಾರಾದ್ರೂ ಅಂತಾರಾ ಮೇಡಂ?"

ಅಧಿಕಾರಿ ಪೆನ್ನು ಕೆಳಗಿಟ್ಟರು. "ಫೋನಲ್ಲಿ ಏನು ಮಾತಾಡ್ತಿದ್ರಿ?"

"ಏನು ಸಾರು ಅಂತ ಕೇಳ್ತಿದ್ರು."

ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಹೊಳಲ್ಕೆರೆಯ ಆಪರೇಟರು ಎದ್ದಿದ್ದರು. "ಮೇಡಂ, ನಮ್ಮ ಕಡೆ ಹಾಳೇನೂ ನೋಡ್ರಿ. ಎಲ್ಲಾ ಹವಾಮಾನದ ನಂಬರಿಗೆ ಹೋಗಿರ್ತಾವೆ. ನಮ್ಮ ಕುರಿಗಾರ್ರಿಗೆ ಹವಾಮಾನದ ಮೇಲೆ ಅಷ್ಟು ಆಸೆ ಇಲ್ಲ." ಹೇಳಿ ತಕ್ಷಣ ಕೂತುಬಿಟ್ಟರು. ಬೇರೆ ಯಾರೂ ಏಳಲಿಲ್ಲ. ಅಧ್ಯಕ್ಷರು ಮನವಿಯ ಹಾಳೆಯನ್ನು ಮಡಚುತ್ತಾ, ಬಿಚ್ಚುತ್ತಾ ಕೂತಿದ್ದರು.

ಹೊರಗೆ ಬಂದಾಗ ಅವರು ನನ್ನ ಮುಖ ನೋಡಲಿಲ್ಲ. "ನೀನೇ ಹಗ್ಗ ಕೊಟ್ಟು ಕೈ ಕಟ್ಟಿಸ್ಕೊಂಡೆ ತಂಗಿ" ಎಂದಷ್ಟೇ ಹೇಳಿ ಕಾರು ಹತ್ತಿದರು. ಶಿಫಾರಸು ಪತ್ರ ಅವರ ಜೇಬಿನಲ್ಲೇ ಹೋಯಿತು.

ಹತ್ತು ದಿನಕ್ಕೆ ಕಂಪನಿಯಿಂದ ನೋಟಿಸು ಬಂತು. ಲೈಸೆನ್ಸ್ ವರ್ಗಾವಣೆ ತಡೆದಿದೆ, ಬೀಗ ಹಾಕಿದ ಮನೆಗಳಿಂದ ಕರೆ ಮಾಡಿದ್ದಕ್ಕೆ ಕಾರಣ ಬರೆದು ತಿಳಿಸಿ ಎಂದು. ನಾನು ಕಂಪ್ಲೇಂಟ್ ಪುಸ್ತಕದ ಕೊನೆಯ ಪುಟವನ್ನೇ ಮುಂದಿಟ್ಟುಕೊಂಡೆ. ಅವರ ಎರಡು ಸಾಲು ಇದ್ದಂತೆ ನಕಲು ಮಾಡಿದೆ. 'ಏಕೆಂದರೆ' ಆದ ಮೇಲೆ ನನ್ನ ಮಾತು ಬರೆದೆ. ಬಹಳ ಬರೆಯಲಿಲ್ಲ. ಮನೆಯವರು ಇಲ್ಲದಾಗ ಮನೆ ಕಾಯುವುದು ನಮ್ಮ ಕಡೆ ರೂಢಿ, ಬೀಗದಕೈ ಕೊಟ್ಟವರಿಗೆ ಇವರು ಮಾತು ಕೊಟ್ಟಿದ್ದರು, ಇನ್ನು ಮುಂದೆ ನಾನು ಹಾಗೆ ಕರೆ ಮಾಡುವುದಿಲ್ಲ, ನಿಯಮ ಬದಲಾಗುವ ತನಕ ಕೇಳುವುದನ್ನು ಬಿಡುವುದೂ ಇಲ್ಲ. ಕೆಳಗೆ ಸಹಿ ಹಾಕಿದೆ. ಅಲ್ಲಿಂದ ಪ್ರತಿ ತಿಂಗಳೂ ಒಂದು ಕಾಗದ ಕಳಿಸಿದೆ, ಕಂಪನಿಗೊಂದು, ಅಧಿಕಾರಿಗೊಂದು. ಯಾವ ಹಟ್ಟಿಯವರು ಈಗ ಎಲ್ಲಿದ್ದಾರೆ, ಮಂದೆ ಯಾವ ಊರಿನ ಗದ್ದೆಯಲ್ಲಿ ನಿಂತಿದೆ ಎಂದು ಕುರಿಗಾರರಿಗೆ ಫೋನ್ ಮಾಡಿ ಕೇಳಿ ಬರೆಯುತ್ತಿದ್ದೆ. ಉತ್ತರ ಬರಲಿಲ್ಲ. ಅಂಚೆಯವರು "ಮತ್ತೆ ಬಂದ್ಯಾ ಅಮ್ಮ" ಅನ್ನುತ್ತಿದ್ದರು. ರಶೀದಿಗಳನ್ನು ಅದೇ ಪುಸ್ತಕಕ್ಕೆ ಅಂಟಿಸುತ್ತಾ ಹೋದೆ.

ಮುಂಗಾರು ಶುರುವಾದ ಮೇಲೆ ನಿಯಮ ಬಂತು. ಮೂವತ್ತು ದಿನ ತೆಗೆದುಹಾಕಿರಲಿಲ್ಲ. ಅದರ ಕೆಳಗೆ ಒಂದು ಸಾಲು ಸೇರಿತ್ತು. ದುಡಿಮೆಗಾಗಿ ಹೊರಗೆ ಹೋಗುವವರು ಮೊದಲೇ ಬರೆದು ತಿಳಿಸಿದರೆ ಅವರು ಮರಳುವ ತನಕ ಲೈನು ರದ್ದು ಮಾಡುವಂತಿಲ್ಲ. ಈಗಾಗಲೇ ರದ್ದಾದವರು ಮಾತ್ರ ಹೊಸ ಅರ್ಜಿ ಹಾಕಬೇಕು. ದಂಡದ ನಿಯಮ ಹಾಗೇ ಉಳಿದಿತ್ತು. ಆಪರೇಟರುಗಳಿಗೆ ಅದು ಇವತ್ತಿಗೂ ನೋವು, ನನಗೂ. ಅದೇ ವಾರ ಅಂಚೆಯಲ್ಲಿ ಅಧ್ಯಕ್ಷರ ಶಿಫಾರಸು ಪತ್ರ ಬಂತು. ಜೊತೆಗೆ ಒಂದು ಮಾತೂ ಇರಲಿಲ್ಲ, ಸಹಿ ಇತ್ತು. ಎಚ್ಚರಿಕೆಯ ಪತ್ರ ಕೊಟ್ಟು ಕಂಪನಿ ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿತು.

ಕುರಿಗಾರರು ಬಂದಿದ್ದರು. ನಾನು ಹೆಬ್ಬೆಟ್ಟಿನ ಯಂತ್ರ ತೆಗೆದುಕೊಂಡು ಹಟ್ಟಿಗೆ ಹೋದೆ. ಗುಡಿಕಟ್ಟೆಯ ಮೇಲೆ ಕೂತು ಒಬ್ಬೊಬ್ಬರದೇ ಅರ್ಜಿ ತುಂಬಿದೆ. ನೀಲಿ ಬಾಗಿಲ ಹೆಂಗಸಿನ ಬೆರಳು ಯಂತ್ರ ಓದಲಿಲ್ಲ. ತಲೆಗೂದಲಿಗೆ ಉಜ್ಜಿ ಇಟ್ಟಳು, ಸೆರಗಿಗೆ ಒರೆಸಿ ಇಟ್ಟಳು. ಆಗಲಿಲ್ಲ.

"ಕುರಿ ಕಿವಿಗೆ ಹೊಡ್ದ ಓಲೆ ನಂಬರ್ ಓದ್ತೈತೆ ನಿಮ್ಮ ಸರ್ಕಾರ, ನನ್ನ ಬೆಟ್ಟು ಓದಲ್ವಾ? ನಾನೂ ಒಂದು ಓಲೆ ಹೊಡಿಸ್ಕಳ್ಳಾ?"

"ಇನ್ನೊಂದ್ಸಲ ಇಡವ್ವ. ಒತ್ತಬ್ಯಾಡ, ಸುಮ್ಮನೆ ಇಡು."

ಎಂಟೋ ಒಂಬತ್ತೋ ಸಲಕ್ಕೆ ಓದಿತು. ಈ ಬಾರಿ ನಾನು ದಿನ ಬಿಟ್ಟು ದಿನ ಕಂಪನಿಗೆ ಹೋಗಿ ಕೂತೆ. ಗೌರಿ ಹಬ್ಬಕ್ಕೆ ಮುಂಚೆ ಎಲ್ಲ ಮನೆಗೂ ಲೈನು ಬಂತು. ನೀಲಿ ಬಾಗಿಲ ಮನೆಯ ಹೊಸ ನಂಬರನ್ನು ನಾನೇ ಹಾಸ್ಟೆಲ್ಲಿಗೆ ತಿಳಿಸಿದೆ. ಆ ಭಾನುವಾರ ನಾನು ಅಂಗಡಿಯಲ್ಲಿದ್ದಾಗ ಹೊಸ ನಂಬರೊಂದರಿಂದ ಫೋನು. "ಯ‍ಕ್ಕ, ಮಗಳು ಮಾಡಿದ್ಲು. ಅತ್ಲು, ನಕ್ಲು, ಇಟ್ಲು. ಇಡ್ಲಾ?" ಅಂದಳು. "ಇಡವ್ವ" ಅಂದೆ.

ಸುಗ್ಗಿ ಮುಗಿದು ಅವರು ಮತ್ತೆ ಹೊರಡುವ ದಿನ ಬಂತು. ನಾನು ಮೊದಲೇ ಎಲ್ಲರಿಂದಲೂ ಬರೆಸಿಕೊಂಡು ಕಳಿಸಿದ್ದೆ. ಆದರೂ ಅವಳು ಅಂಗಡಿಗೆ ಬಂದು ಸೆರಗಿನ ಗಂಟು ಬಿಚ್ಚಿ ಬೀಗದಕೈ ಮುಂದೆ ಹಿಡಿದಳು.

"ಇನ್ನು ಬ್ಯಾಡ ಕಣವ್ವ. ಫೋನ್ ಮಾಡೋ ಹಂಗಿಲ್ಲ, ಮಾಡೋದೂ ಬ್ಯಾಡ. ಬರ್ಕೊಟ್ಟಿದೀಯಲ್ಲ."

"ಫೋನಿಗಲ್ಲ ಯಕ್ಕ. ದೀಪ ಯಾರು ಹಚ್ತಾರೆ?"

ತೆಗೆದುಕೊಂಡು ಅದೇ ಮೊಳೆಗೆ ಹಾಕಿದೆ. ಸಂಜೆಯೊಳಗೆ ಹಲಗೆ ತುಂಬಿತು.

ಹೋದ ಅಮಾವಾಸ್ಯೆಗೆ ಮೊದಲ ಸಲ ನಾನು ಹೋದೆ. ಸ್ಕೂಟರಿನಲ್ಲಿ, ಎಣ್ಣೆಯ ಸೀಸೆ, ಬತ್ತಿ, ಅವರ ಬ್ಯಾಗು. ಬೇವಿನ ಮರದ ಮನೆಯ ಬಾಗಿಲಿಗೆ ಹೊಸ ಚೌಕಟ್ಟು ಹಾಕಿಸಿದ್ದರು. ಗೆದ್ದಲಿನ ಮಾತು ಅವರಿಗೆ ಮುಟ್ಟಿತ್ತು. ನೀಲಿ ಬಾಗಿಲ ಮನೆಯಲ್ಲಿ ನೆಲ ಗುಡಿಸಿದೆ, ದೇವರ ಮುಂದೆ ದೀಪ ಹಚ್ಚಿದೆ. ಗೋಡೆಯ ಪಕ್ಕ ಬಾಕ್ಸು ಇತ್ತು, ಅದರ ದೀಪ ಆರಿತ್ತು. ಲೈನು ನಿಜಕ್ಕೂ ಉಳಿದಿದೆಯೋ ಇಲ್ಲವೋ ನೋಡಬೇಕಿತ್ತು. ಸ್ವಿಚ್ ಹಾಕಿದೆ. ಹಸಿರು ದೀಪ ಬರುವ ತನಕ ಕಾದು ಫೋನ್ ಎತ್ತಿ ಕಿವಿಗಿಟ್ಟೆ. ಸದ್ದು ಬರುತ್ತಿತ್ತು. ಇದೇ ಫೋನು ಹಿಡಿದು ಇವರು ಇಲ್ಲೇ ನಿಂತಿರಬೇಕು, ಕಿಟಕಿಯ ಕಡೆ ಮುಖ ಮಾಡಿ. ಬೆರಳು ತಾನಾಗಿ ಅಂಗಡಿಯ ನಂಬರಿನ ಮೊದಲ ಅಂಕಿಯ ಮೇಲೆ ಹೋಯಿತು. ಅಂಗಡಿಯಲ್ಲಿ ಯಾರೂ ಇರಲಿಲ್ಲ.

ಫೋನ್ ಇಟ್ಟು ಸ್ವಿಚ್ ಆರಿಸಿದೆ. ಬತ್ತಿ ಸರಿ ಮಾಡಿ, ಬೀಗ ಹಾಕಿ, ಒಮ್ಮೆ ಎಳೆದು ನೋಡಿದೆ. ಇನ್ನೂ ಬಹಳ ಮನೆ ಇದ್ದವು. ಗುಡಿ ಹಿಂದೆ ಎರಡನೇದರ ಬೀಗದಕೈ ಹುಡುಕಿಕೊಂಡು ಸ್ಕೂಟರು ಹತ್ತಿದೆ.